ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟುವವರು

2025ರ ಜುಲೈ 31. ಅಮೆರಿಕದ ಬೇಸ್‌ಬಾಲ್‌ನಲ್ಲಿ ಸೀಸನ್ ನಡುವಿನ ಆಟಗಾರರ ಅದಲುಬದಲಿಗೆ ಅದು ಕೊನೆಯ ದಿನ. ಸಂಜೆ 6 ಗಂಟೆಯೊಳಗೆ ಕೊಡೋದು ಕೊಟ್ಟು, ತರೋದು ತಂದು ಮುಗಿಸಬೇಕು. ಅವತ್ತು ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡ ಲಿಯೊ ಡೆ ವ್ರೀಸ್ ಎಂಬ ಹುಡುಗನನ್ನು ಅಥ್ಲೆಟಿಕ್ಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಡೊಮಿನಿಕನ್ ಗಣರಾಜ್ಯದ ಹುಡುಗ, ವಯಸ್ಸು 18. ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆದರೂ ಸುದ್ದಿ ಕೇಳಿದವರು ಮೂಗಿನ ಮೇಲೆ ಬೆರಳಿಟ್ಟರು.

ಯಾಕೆ ಅಂದರೆ ಡೆ ವ್ರೀಸ್ ಆಗ ಮೇಜರ್ ಲೀಗ್‌ನ ಸ್ವಂತ ವೆಬ್‌ಸೈಟ್ ಮಾಡುವ 100 ಭರವಸೆಯ ಹುಡುಗರ ಪಟ್ಟಿಯಲ್ಲಿ 3ನೆಯವನು. ಇಂಥ ಹುಡುಗರಿಗೆ ಅಲ್ಲಿ ಪ್ರಾಸ್ಪೆಕ್ಟ್ ಅನ್ನುತ್ತಾರೆ. ಇನ್ನೂ ದೊಡ್ಡ ಆಟಕ್ಕೆ ಇಳಿದಿಲ್ಲ, ಆದರೆ ಇಳಿದರೆ ಮಿಂಚುತ್ತಾನೆ ಅಂತ ನಂಬಿಕೆ. ಅಷ್ಟು ಮೇಲಿರುವ ಹುಡುಗನನ್ನು ತಂಡಗಳು ಸಾಮಾನ್ಯವಾಗಿ ಯಾರಿಗೂ ಕೊಡುವುದಿಲ್ಲ. ಪ್ಯಾಡ್ರೆಸ್ ಕೊಟ್ಟಿತು. ಬದಲಿಗೆ ಪಡೆದದ್ದು ಮುಖ್ಯವಾಗಿ ಮೇಸನ್ ಮಿಲ್ಲರ್ ಎಂಬ ಪಿಚರ್‌ನನ್ನು. ಗಂಟೆಗೆ 100 ಮೈಲಿಗೂ ಜಾಸ್ತಿ ವೇಗದಲ್ಲಿ ಚೆಂಡೆಸೆಯುವವನು, ಪಂದ್ಯದ ಕೊನೆಯಲ್ಲಿ ಬಂದು ಬಾಗಿಲು ಹಾಕುವವನು.

ಹಾಗಾದರೆ ತಂಡಗಳು ತಮ್ಮ ಅತ್ಯುತ್ತಮ ಹುಡುಗರನ್ನು ಎಷ್ಟು ಸಲ ಹೀಗೆ ಕೊಡುತ್ತವೆ? ಕೇಳೋಕೆ ಸುಲಭದ ಪ್ರಶ್ನೆ. ಒಂದು ಸಂಖ್ಯೆ ಹೇಳಿ ಮುಗಿಸಬಹುದು ಅನಿಸುತ್ತದೆ. ಆದರೆ ಎಣಿಸಲು ಕೂತರೆ, ಏನನ್ನು ಎಣಿಸಬೇಕು ಅನ್ನೋದೇ ಮೊದಲ ತಲೆನೋವು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿ ಒಂದು ವಿಷಯ ಹೊಸದು. ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡದ ಕೆಳಗೂ ಅದರದ್ದೇ ಆದ ಸಣ್ಣ ತಂಡಗಳ ಸಾಲು ಇದೆ. 2021ರಿಂದ ಈ ಲೆಕ್ಕ ಖಚಿತ. ಪ್ರತಿ ತಂಡಕ್ಕೆ ನಾಲ್ಕು ಮೆಟ್ಟಿಲು: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಒಟ್ಟು 120 ಸಣ್ಣ ತಂಡಗಳು. ಅದಕ್ಕೂ ಕೆಳಗೆ ಹೊಸಬರ ತರಬೇತಿ ಲೀಗ್‌ಗಳು ಬೇರೆ. ಇಡೀ ವ್ಯವಸ್ಥೆಗೆ ಅಲ್ಲಿಯವರು ಫಾರ್ಮ್ ಅಂತಲೇ ಹೆಸರಿಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸಸಿಮಡಿ. ಮಡಿಯಲ್ಲಿ ನೂರಾರು ಸಸಿ ಎಬ್ಬಿಸುತ್ತಾರೆ, ಗದ್ದೆಗೆ ನಾಟಿ ಮಾಡುವುದು ಕೆಲವನ್ನು ಮಾತ್ರ. ಅಮೆರಿಕದ ಶಾಲೆ, ಕಾಲೇಜುಗಳ ಹುಡುಗರು ಪ್ರತಿ ವರ್ಷದ ಡ್ರಾಫ್ಟ್, ಅಂದರೆ ತಂಡಗಳು ಸರದಿ ಪ್ರಕಾರ ಹೊಸಬರನ್ನು ಆರಿಸಿಕೊಳ್ಳುವ ವ್ಯವಸ್ಥೆ, ಅದರ ಮೂಲಕ ಬರುತ್ತಾರೆ. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮುಂತಾದ ದೇಶಗಳ ಹುಡುಗರು 16ನೇ ವಯಸ್ಸಿಗೇ ಸಹಿ ಹಾಕುತ್ತಾರೆ.

ಈ ಸಸಿಗಳಿಗೆ ರ‍್ಯಾಂಕ್ ಕೊಡುವುದೇ ಒಂದು ದೊಡ್ಡ ಉದ್ಯಮ. ಬೇಸ್‌ಬಾಲ್ ಅಮೆರಿಕಾ ಎಂಬ ಪತ್ರಿಕೆ 1990ರಿಂದ ಪ್ರತಿ ವರ್ಷ 100 ಹೆಸರುಗಳ ಪಟ್ಟಿ ತರುತ್ತಿದೆ. ಈಗ ಇನ್ನೂ ಹಲವರು ಪಟ್ಟಿ ಮಾಡುತ್ತಾರೆ. ಸ್ಕೌಟ್‌ಗಳು, ಅಂದರೆ ಪ್ರತಿಭೆ ಹುಡುಕಿ ಊರೂರು ಸುತ್ತುವವರು, ಒಬ್ಬನ ಹೊಡೆತ, ಶಕ್ತಿ, ಓಟ, ಕ್ಯಾಚು, ಎಸೆತ ಎಲ್ಲಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಮೇಜರ್ ಲೀಗ್‌ನ ಸಾಧಾರಣ ಆಟಗಾರನ ಮಟ್ಟ. 80 ಅಂದರೆ ಅಪರೂಪದಲ್ಲಿ ಅಪರೂಪ. ಸೊನ್ನೆಯಿಂದ 100 ಯಾಕಿಲ್ಲ ಅಂತ ಕೇಳಬೇಡಿ, ಬೇಸ್‌ಬಾಲ್‌ನವರಿಗೆ ಹಳೇ ಪದ್ಧತಿ ಬಿಡೋದು ಅಂದರೆ ಆಗದು.

ಈಗ ಎಣಿಕೆಗೆ ಬರೋಣ.

ಇಡೀ ದೇಶದ ಪಟ್ಟಿಯಲ್ಲಿ 1ನೇ ಸ್ಥಾನದಲ್ಲಿರುವವನನ್ನು ಎಷ್ಟು ಸಲ ಕೊಟ್ಟಿದ್ದಾರೆ ಅಂತ ಕೇಳಿದರೆ, ಉತ್ತರ ಹೆಚ್ಚುಕಡಿಮೆ ಸೊನ್ನೆ. ಬೇಸ್‌ಬಾಲ್ ಅಮೆರಿಕಾದ ಪಟ್ಟಿಯ ತುದಿಯಲ್ಲಿ ವರ್ಷ ಶುರು ಮಾಡಿದವರನ್ನು ನೋಡಿ: ಚಿಪ್ಪರ್ ಜೋನ್ಸ್, ಅಲೆಕ್ಸ್ ರಾಡ್ರಿಗೆಜ್, ಜೋ ಮಾವರ್, ಬ್ರೈಸ್ ಹಾರ್ಪರ್, ಕ್ರಿಸ್ ಬ್ರಯಂಟ್, ರೊನಾಲ್ಡ್ ಅಕುನ್ಯಾ. ಎಲ್ಲರೂ ತಮ್ಮನ್ನು ಬೆಳೆಸಿದ ತಂಡದ ಅಂಗಿ ತೊಟ್ಟೇ ಮೇಜರ್ ಲೀಗ್‌ಗೆ ಬಂದರು. ಕಣ್ಣಿಗೆ ಹೊಡೆಯುವ ಅಪವಾದ ಯೋವಾನ್ ಮೊಂಕಾಡಾ. 2016ರ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅವನನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟಾಗ ಲೀಗ್‌ನ ವೆಬ್‌ಸೈಟ್ ಪಟ್ಟಿಯಲ್ಲಿ ಅವನೇ ಮೊದಲಿಗ. ಅವನ ಕಥೆ ಮುಂದೆ ಹೇಳುತ್ತೇನೆ.

ಮೊದಲ ಹತ್ತರೊಳಗೆ ಅಂತ ಕೇಳಿದರೆ, ಒಂದೆರಡು ವರ್ಷಕ್ಕೊಮ್ಮೆ ಇಂಥ ಸುದ್ದಿ ಬರುತ್ತದೆ. ಕೆಲವು ವರ್ಷ ಒಂದೂ ಇರುವುದಿಲ್ಲ. ಅದಕ್ಕೇ ಡೆ ವ್ರೀಸ್ ಸುದ್ದಿ ಅಷ್ಟು ಗದ್ದಲ ಮಾಡಿದ್ದು.

ಪ್ರತಿ ತಂಡದ ಸ್ವಂತ ಪಟ್ಟಿಯ ಮೊದಲಿಗ ಅಂತ ಕೇಳಿದರೆ ಲೆಕ್ಕ ಬೇರೆ. ಆಗ ಯಾವತ್ತೂ 30 ಜನ ಮೊದಲಿಗರು ಇರುತ್ತಾರೆ. ಆದರೆ 30 ಜನರೂ ಒಂದೇ ತೂಕದವರಲ್ಲ. ಒಳ್ಳೆಯ ಸಸಿಮಡಿ ಇರುವ ತಂಡದ ಮೊದಲಿಗ ದೇಶಕ್ಕೇ 2ನೆಯವನಾಗಿರಬಹುದು. ಮಡಿ ಒಣಗಿಹೋದ ತಂಡದ ಮೊದಲಿಗ 100ರ ಪಟ್ಟಿಯ ಬಾಲದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಎರಡನೇ ಥರದವನನ್ನು ಕೊಟ್ಟರೂ ಪತ್ರಿಕೆಗಳು 'ತಂಡದ ನಂಬರ್ ಒನ್ ಹುಡುಗನ ಬಲಿ' ಅಂತಲೇ ಬರೆಯುತ್ತವೆ. ಇದನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು.

ಇನ್ನೊಂದು ಮಾತು ಎಣಿಸುವವರೇ ಮರೆಯುತ್ತಾರೆ. ಪ್ರಾಸ್ಪೆಕ್ಟ್ ಆಗಿರುವುದು ತುಂಬಾ ಸಣ್ಣ ಅವಧಿ. ಬ್ಯಾಟರ್ ಆದರೆ ಮೇಜರ್ ಲೀಗ್‌ನಲ್ಲಿ 130 ಬಾರಿಗಿಂತ ಜಾಸ್ತಿ ಬ್ಯಾಟ್ ಹಿಡಿದ ಕೂಡಲೇ, ಪಿಚರ್ ಆದರೆ 50 ಇನ್ನಿಂಗ್ಸ್ (ಇಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್) ದಾಟಿದ ಕೂಡಲೇ ಅವನು ಹೊಸಬನಲ್ಲ, ಪಟ್ಟಿಯಿಂದ ಹೊರಗೆ. ಒಳ್ಳೆಯ ಹುಡುಗ ಪಟ್ಟಿಯ ಮೇಲ್ಭಾಗಕ್ಕೆ ಬರೋದು 19ಕ್ಕೋ 20ಕ್ಕೋ. 21, 22ರ ಹೊತ್ತಿಗೆ ಮೇಜರ್ ಲೀಗ್‌ಗೆ ಹೋಗಿಬಿಡುತ್ತಾನೆ. ಅಂದರೆ ಅವನು ಮೊದಲಿಗನಾಗಿ ಮಾರುಕಟ್ಟೆಯಲ್ಲಿ ನಿಲ್ಲೋದು ಎರಡು, ಹೆಚ್ಚೆಂದರೆ ಮೂರು ಜುಲೈಗಳು. ಅಷ್ಟರಲ್ಲಿ ಯಾರೂ ಕೊಂಡುಕೊಳ್ಳದಿದ್ದರೆ 'ಕೊಡಲೇ ಇಲ್ಲ' ಅಂತ ಲೆಕ್ಕ. ಅವನನ್ನೇ ಐದು ವರ್ಷ ಬಿಟ್ಟು, ಹೆಸರಾದ ಮೇಲೆ ಕೊಟ್ಟರೆ ಅದು ಈ ಲೆಕ್ಕಕ್ಕೇ ಬರುವುದಿಲ್ಲ.

ಆರು ವರ್ಷದ ಅಗ್ಗದ ಬೆಲೆ

ಕೊಡಲು ಯಾಕಿಷ್ಟು ಹಿಂಜರಿಕೆ? ಹುಡುಗನ ಮೇಲೆ ಪ್ರೀತಿ ಅಂತಲ್ಲ. ಇದು ಪಕ್ಕಾ ದುಡ್ಡಿನ ಲೆಕ್ಕ.

ಮೇಜರ್ ಲೀಗ್‌ಗೆ ಬಂದ ಆಟಗಾರ ಮೊದಲ ಆರು ವರ್ಷ ಆ ತಂಡಕ್ಕೇ ಸೇರಿದವನು. ಬೇರೆ ಕಡೆ ಹೆಚ್ಚು ಸಂಬಳ ಕೊಡುತ್ತಾರೆ ಅಂತ ಎದ್ದು ಹೋಗುವ ಹಾಗಿಲ್ಲ. ಮೊದಲ ಮೂರು ವರ್ಷ ಸುಮಾರಾಗಿ ಕನಿಷ್ಠ ಸಂಬಳ. 2025ರಲ್ಲಿ ಅದು 7 ಲಕ್ಷದ 60 ಸಾವಿರ ಡಾಲರ್. ಮುಂದಿನ ಮೂರು ವರ್ಷ ಸಂಬಳದ ಬಗ್ಗೆ ಪಂಚಾಯಿತಿ ನಡೆಯುತ್ತದೆ, ಏರುತ್ತದೆ, ಆದರೂ ಮುಕ್ತ ಮಾರುಕಟ್ಟೆಯ ದರ ಮುಟ್ಟುವುದಿಲ್ಲ. ಆರು ವರ್ಷ ತುಂಬಿದ ಮೇಲೇ ಅವನು ಸ್ವತಂತ್ರ. ಆಗ ಏನಾಗುತ್ತದೆ ಅನ್ನೋದಕ್ಕೆ ಹ್ವಾನ್ ಸೋಟೊ ಸಾಕ್ಷಿ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅವನಿಗೆ 15 ವರ್ಷಕ್ಕೆ 76 ಕೋಟಿ 50 ಲಕ್ಷ ಡಾಲರ್ ಕೊಟ್ಟಿತು. ವರ್ಷಕ್ಕೆ 5 ಕೋಟಿ 10 ಲಕ್ಷ. ಕನಿಷ್ಠ ಸಂಬಳದ ಸುಮಾರು 67 ಪಟ್ಟು.

ಈಗ ನೀವೇ ತಂಡದ ಜನರಲ್ ಮ್ಯಾನೇಜರ್ ಅಂತ ಇಟ್ಟುಕೊಳ್ಳಿ. ನಿಮ್ಮ ಮಡಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಅವನು ಸೋಟೊನ ಅರ್ಧದಷ್ಟು ಆಡಿದರೂ ಆರು ವರ್ಷ ನಿಮಗೆ ಲಾಭವೋ ಲಾಭ. ಉಳಿದ ದುಡ್ಡಲ್ಲಿ ಇನ್ನಿಬ್ಬರು ದೊಡ್ಡ ಆಟಗಾರರನ್ನು ತರಬಹುದು. ಅಂದರೆ ನೀವು ಹುಡುಗನನ್ನು ಕೊಟ್ಟಾಗ ನಿಜವಾಗಿ ಕೊಡುತ್ತಿರುವುದು ಹುಡುಗನನ್ನಲ್ಲ, ಆ ಆರು ಅಗ್ಗದ ವರ್ಷಗಳನ್ನು. ಐಪಿಎಲ್‌ನಲ್ಲಿ ಈ ಮಾತು ಹುಟ್ಟುವುದೇ ಇಲ್ಲ. ಮೆಗಾ ಹರಾಜು ಬಂತೆಂದರೆ ತಂಡಗಳೆಲ್ಲ ಕಲಸಿಹೋಗುತ್ತವೆ. ಸಸಿ ನೆಟ್ಟು ಕಾಯುವ ವ್ಯವಧಾನಕ್ಕೆ ಅಲ್ಲಿ ಬೆಲೆ ಕಮ್ಮಿ.

ಈ ಆರು ವರ್ಷಕ್ಕಾಗಿ ತಂಡಗಳು ಎಷ್ಟು ಲೆಕ್ಕ ಹಾಕುತ್ತವೆ ಗೊತ್ತಾ? ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. 2015ರಲ್ಲಿ ಶಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರಯಂಟ್‌ನನ್ನು ಸೀಸನ್ ಶುರುವಾದ ಮೇಲೆ, ಏಪ್ರಿಲ್ 17ಕ್ಕೆ ಕರೆಸಿತು. ಅವನ ಲೆಕ್ಕಕ್ಕೆ ಬಿದ್ದದ್ದು 171 ದಿನ. ಒಂದೇ ದಿನ ಕಮ್ಮಿ! ಅದರಿಂದ ತಂಡಕ್ಕೆ ಅವನು ಪೂರಾ ಒಂದು ವರ್ಷ ಹೆಚ್ಚು ಸಿಕ್ಕ. ಬ್ರಯಂಟ್ ದೂರು ಕೊಟ್ಟ, 2020ರಲ್ಲಿ ಸೋತ. ಒಂದು ದಿನಕ್ಕೆ ಇಷ್ಟು ಜಿಪುಣತನ ಮಾಡುವವರು ಆರು ವರ್ಷವನ್ನು ಸುಮ್ನೆ ಎತ್ತಿ ಕೊಟ್ಟಾರೆಯೇ?

ದುಡ್ಡಲ್ಲದೆ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಟ್ಟುಕೊಂಡ ಹುಡುಗ ಕೆಟ್ಟರೆ ಜನ ಮರೆಯುತ್ತಾರೆ. ಕೊಟ್ಟ ಹುಡುಗ ಬೆಳೆದರೆ 30 ವರ್ಷ ಆದರೂ ಎತ್ತಿ ಆಡುತ್ತಾರೆ. ಕುರ್ಚಿ ಉಳಿಸಿಕೊಳ್ಳಬೇಕಾದ ಮ್ಯಾನೇಜರ್ ಯಾವ ತಪ್ಪು ಮಾಡಲು ಹೆದರುತ್ತಾನೆ ಅಂತ ನೀವೇ ಯೋಚಿಸಿ.

ಆ ಹೆದರಿಕೆಗೆ ಉದಾಹರಣೆ ಬೇಕೆಂದರೆ ಅರಿಜೋನಾ ಡೈಮಂಡ್‌ಬ್ಯಾಕ್ಸ್. 2015ರ ಡ್ರಾಫ್ಟ್‌ನಲ್ಲಿ ಇಡೀ ದೇಶದಲ್ಲೇ ಮೊದಲ ಆಯ್ಕೆ ಅವರದ್ದು. ಡ್ಯಾನ್ಸ್‌ಬಿ ಸ್ವಾನ್ಸನ್ ಎಂಬ ಶಾರ್ಟ್‌ಸ್ಟಾಪ್‌ನನ್ನು ಆರಿಸಿದರು. ಶಾರ್ಟ್‌ಸ್ಟಾಪ್ ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು, ಫೀಲ್ಡಿಂಗ್‌ನಲ್ಲಿ ಅತಿ ಕಷ್ಟದ ಜಾಗಗಳಲ್ಲಿ ಒಂದು. ಆರು ತಿಂಗಳು ಕಳೆದಿತ್ತು ಅಷ್ಟೇ. ಡಿಸೆಂಬರ್‌ನಲ್ಲಿ ಅವನನ್ನು ಅಟ್ಲಾಂಟಾ ಬ್ರೇವ್ಸ್‌ಗೆ ಕೊಟ್ಟರು. ಜೊತೆಗೆ ಎಂಡರ್ ಇನ್ಸಿಯಾರ್ಟೆ, ಆರನ್ ಬ್ಲೇರ್. ಬದಲಿಗೆ ಬಂದವನು ಮುಖ್ಯವಾಗಿ ಶೆಲ್ಬಿ ಮಿಲ್ಲರ್ ಎಂಬ ಪಿಚರ್. ಬೇಸ್‌ಬಾಲ್‌ನಲ್ಲಿ ಪಂದ್ಯದ ಸೋಲು ಗೆಲುವನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ. ಮಿಲ್ಲರ್ 2016ರಲ್ಲಿ ಗೆದ್ದದ್ದು 3, ಸೋತದ್ದು 12. ತಂಡ 93 ಪಂದ್ಯ ಸೋತಿತು. ಜನರಲ್ ಮ್ಯಾನೇಜರ್ ಡೇವ್ ಸ್ಟೀವರ್ಟ್ ಸೀಸನ್ ಮುಗಿದ ಕೂಡಲೇ ಮನೆಗೆ ಹೋದರು. ಇತ್ತ ಇನ್ಸಿಯಾರ್ಟೆ ಫೀಲ್ಡಿಂಗ್‌ಗಾಗಿ ಸತತ ಮೂರು ಸಲ ಗೋಲ್ಡ್ ಗ್ಲವ್ ಗೆದ್ದ. 2021ರಲ್ಲಿ ಅಟ್ಲಾಂಟಾ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆದ್ದಾಗ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತಿದ್ದವನು ಸ್ವಾನ್ಸನ್, ಜಾರ್ಜಿಯಾದ್ದೇ ಹುಡುಗ.

ಇಲ್ಲಿ ಒಂದು ತಮಾಷೆ ಇದೆ. ಸ್ವಲ್ಪ ಹಿಂದೆ ಆಗಿದ್ದರೆ ಈ ವ್ಯಾಪಾರ ಸಾಧ್ಯವೇ ಇರಲಿಲ್ಲ. ಆಗಿನ ನಿಯಮದ ಪ್ರಕಾರ ಡ್ರಾಫ್ಟ್‌ನಲ್ಲಿ ಬಂದವನನ್ನು ಒಂದು ವರ್ಷ ಯಾರಿಗೂ ಕೊಡುವಂತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಪ್ಯಾಡ್ರೆಸ್ ತಂಡ ಅದೇ ವರ್ಷ ಸೇರಿದ್ದ ಟ್ರೇ ಟರ್ನರ್‌ನನ್ನು ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಕೊಡಲು ಒಪ್ಪಿಕೊಂಡಿತು. ನಿಯಮ ಅಡ್ಡ ಬಂತು. ಅದಕ್ಕೆ ಕಾಗದದಲ್ಲಿ 'ಆಮೇಲೆ ಹೆಸರಿಸುವ ಆಟಗಾರ' ಅಂತ ಬರೆದರು. ಹೆಸರು ಊರಿಗೆಲ್ಲ ಗೊತ್ತು. ಟರ್ನರ್ ಮುಂದಿನ ಜೂನ್‌ವರೆಗೆ ತನ್ನನ್ನು ಬಿಟ್ಟುಕೊಟ್ಟ ತಂಡದ ಸಣ್ಣ ತಂಡದಲ್ಲೇ ಆಡಬೇಕಾಯಿತು. ಹುಡುಗಿಯ ನಿಶ್ಚಿತಾರ್ಥ ಆದ ಮೇಲೆ ಮದುವೆವರೆಗೂ ತವರಿನ ಕೆಲಸ ಮಾಡಿದ ಹಾಗೆ. ಇದು ಅತಿಯಾಯಿತು ಅನಿಸಿ 2015ರಲ್ಲಿ ನಿಯಮ ಬದಲಿಸಿದರು. ವರ್ಲ್ಡ್ ಸೀರೀಸ್ ಮುಗಿದ ಮೇಲೆ ಕೊಡಬಹುದು ಅಂತಾಯಿತು. ಬದಲಾದ ನಿಯಮ ಬಂದ ಮೊದಲ ಚಳಿಗಾಲದಲ್ಲೇ ಸ್ವಾನ್ಸನ್ ಹೋದ.

ಹಾಗಾದರೆ ಕೊಡುವವರು ಯಾರು?

ಗೆಲ್ಲುವ ಹಸಿವು ನೆತ್ತಿಗೇರಿದವರು. ಬೇರೆ ಉತ್ತರ ಇಲ್ಲ.

2016ರ ಜುಲೈನಲ್ಲಿ ಕಬ್ಸ್ ಸೀಸನ್‌ನಲ್ಲಿ ಮುಂದಿತ್ತು. ಕೊನೆಯ ಇನ್ನಿಂಗ್ಸ್ ಹಾಕುವ ಗಟ್ಟಿ ಪಿಚರ್ ಬೇಕಿತ್ತು. ನ್ಯೂಯಾರ್ಕ್ ಯಾಂಕೀಸ್‌ನಿಂದ ಅರೋಲ್ಡಿಸ್ ಚಾಪ್‌ಮನ್‌ನನ್ನು ತಂದರು. ಅವನು ಅವರ ಬಳಿ ಇರುವುದು ಆ ಸೀಸನ್ ಮುಗಿಯುವವರೆಗೆ ಮಾತ್ರ, ಮೂರು ತಿಂಗಳ ಬಾಡಿಗೆಯ ಹಾಗೆ. ಅದಕ್ಕೆ ಗ್ಲೇಬರ್ ಟಾರೆಸ್ ಎಂಬ 19ರ ಶಾರ್ಟ್‌ಸ್ಟಾಪ್ ಮತ್ತು ಇನ್ನೂ ಮೂವರನ್ನು ಕೊಟ್ಟರು. ಕಾಗದದ ಮೇಲೆ ನೋಡಿದರೆ ಹುಚ್ಚು ವ್ಯಾಪಾರ. ಆದರೆ ಕಬ್ಸ್ ಕೊನೆಯದಾಗಿ ವರ್ಲ್ಡ್ ಸೀರೀಸ್ ಗೆದ್ದದ್ದು 1908ರಲ್ಲಿ. ಮೂರು ತಲೆಮಾರು ಕಾದಿದ್ದವರಿಗೆ ಟಾರೆಸ್‌ನ ಆರು ವರ್ಷ ಯಾವ ಲೆಕ್ಕ? ಆ ಶರತ್ಕಾಲದಲ್ಲಿ ಅವರು ಗೆದ್ದರು. ಏಳನೇ ಪಂದ್ಯದಲ್ಲಿ ಇದೇ ಚಾಪ್‌ಮನ್ ಹೋಮ್ ರನ್, ನಮ್ಮ ಸಿಕ್ಸರ್ ಥರದ ಹೊಡೆತ, ಹೊಡೆಸಿಕೊಂಡು ಮುನ್ನಡೆ ಕಳೆದಿದ್ದ, ಅದು ಬೇರೆ ಮಾತು. ಡಿಸೆಂಬರ್‌ನಲ್ಲಿ ಚಾಪ್‌ಮನ್ ಯಾಂಕೀಸ್‌ಗೇ ವಾಪಸ್ ಹೋದ. ಟಾರೆಸ್ 2018, 2019 ಎರಡೂ ವರ್ಷ ಯಾಂಕೀಸ್ ಪರ ಆಲ್-ಸ್ಟಾರ್ ಆದ, ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರರ ತಂಡಕ್ಕೆ ಆಯ್ಕೆಯಾದ. ಆದರೂ ಆ ವ್ಯಾಪಾರ ತಪ್ಪು ಅನ್ನುವ ಕಬ್ಸ್ ಅಭಿಮಾನಿಯನ್ನು ಹುಡುಕುವುದು ಕಷ್ಟ.

ಮೊಂಕಾಡಾ ಕಥೆ ಹೇಳುತ್ತೇನೆ ಅಂದೆನಲ್ಲ. ಕ್ಯೂಬಾದ ಈ ಹುಡುಗನಿಗೆ ರೆಡ್ ಸಾಕ್ಸ್ 2015ರಲ್ಲಿ ಸಹಿ ಹಾಕಲೆಂದೇ 3 ಕೋಟಿ 15 ಲಕ್ಷ ಡಾಲರ್ ಕೊಟ್ಟಿತ್ತು. ಮಿತಿ ಮೀರಿ ಖರ್ಚು ಮಾಡಿದ್ದಕ್ಕೆ ಅಷ್ಟೇ ದಂಡವನ್ನೂ ಲೀಗ್‌ಗೆ ಕಟ್ಟಿತ್ತು. ಅಂಥವನನ್ನು ಒಂದೂಮುಕ್ಕಾಲು ವರ್ಷದಲ್ಲಿ, ಮೈಕೆಲ್ ಕೋಪೆಕ್ ಎಂಬ ಬೆಂಕಿಚೆಂಡಿನ ಪಿಚರ್ ಹಾಗೂ ಇನ್ನಿಬ್ಬರ ಜೊತೆಗೆ ಕೊಟ್ಟಿತು. ಬಂದವನು ಕ್ರಿಸ್ ಸೇಲ್. 2017ರಲ್ಲಿ ಸೇಲ್ 308 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಅಷ್ಟು ಸಲ ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡಿದ. 2018ರ ವರ್ಲ್ಡ್ ಸೀರೀಸ್‌ನ ಕಟ್ಟಕಡೆಯ ಔಟ್ ಅವನದ್ದೇ, ಮ್ಯಾನಿ ಮಚಾಡೊನನ್ನು ಸ್ಟ್ರೈಕ್‌ಔಟ್ ಮಾಡಿ ಗೆಲ್ಲಿಸಿದ. ಮೊಂಕಾಡಾ ಕೆಟ್ಟ ಆಟಗಾರನೇನಲ್ಲ. 2019ರಲ್ಲಿ ಸೊಗಸಾಗಿ ಆಡಿದ. ಆಮೇಲೆ ಗಾಯಗಳ ಕಾಟ. ನಂಬರ್ ಒನ್ ಅಂತ ಹೇಳಿದಾಗ ಜನ ಕಂಡ ಕನಸಿನಷ್ಟು ಎತ್ತರಕ್ಕೆ ಅವನು ಹೋಗಲಿಲ್ಲ.

ಇದಕ್ಕೂ ಮುಂಚೆ ಕನ್ಸಾಸ್ ಸಿಟಿ ರಾಯಲ್ಸ್ ಇದೇ ಜೂಜಾಡಿತ್ತು. 2012ರ ಡಿಸೆಂಬರ್‌ನಲ್ಲಿ, ಆ ವರ್ಷದ ಅತ್ಯುತ್ತಮ ಸಣ್ಣ ಲೀಗ್ ಆಟಗಾರ ಅಂತ ಬೇಸ್‌ಬಾಲ್ ಅಮೆರಿಕಾ ಹೆಸರಿಸಿದ್ದ ವಿಲ್ ಮೈಯರ್ಸ್‌ನನ್ನು ಕೊಟ್ಟು ಟ್ಯಾಂಪಾ ಬೇಯಿಂದ ಜೇಮ್ಸ್ ಶೀಲ್ಡ್ಸ್, ವೇಡ್ ಡೇವಿಸ್ ಎಂಬ ಇಬ್ಬರು ಪಿಚರ್‌ಗಳನ್ನು ತಂದರು. ಪಂಡಿತರೆಲ್ಲ ಛೀಮಾರಿ ಹಾಕಿದರು. ಮೈಯರ್ಸ್ ಮರುವರ್ಷವೇ ಅತ್ಯುತ್ತಮ ಹೊಸಬ ಪ್ರಶಸ್ತಿ ಗೆದ್ದಾಗ ಬೈಗುಳ ಇನ್ನೂ ಜೋರಾಯಿತು. ರಾಯಲ್ಸ್ 2014ರಲ್ಲಿ ವರ್ಲ್ಡ್ ಸೀರೀಸ್‌ಗೆ ಹೋಯಿತು, 2015ರಲ್ಲಿ ಗೆದ್ದಿತು. 2015ರ ಕೊನೆಯ ಔಟ್ ಯಾರದ್ದು ಅಂತೀರಿ? ವೇಡ್ ಡೇವಿಸ್‌ನದ್ದು.

ಮೊಳಕೆ ಮತ್ತು ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಾವು ಹೇಳುತ್ತೇವೆ. ಬೇಸ್‌ಬಾಲ್‌ನಲ್ಲಿ ಈ ಗಾದೆ ನಡೆಯುವುದಿಲ್ಲ. 1990ರಿಂದ 2003ರವರೆಗಿನ ಬೇಸ್‌ಬಾಲ್ ಅಮೆರಿಕಾ ಪಟ್ಟಿಗಳನ್ನು ಹಿಡಿದು 2011ರಲ್ಲಿ ಒಂದು ಲೆಕ್ಕ ಮಾಡಿದ್ದರು. 100ರ ಪಟ್ಟಿಯಲ್ಲಿ ಇದ್ದವರಲ್ಲಿ ನೂರಕ್ಕೆ ಸುಮಾರು 70 ಜನ ನಿರೀಕ್ಷೆ ಮುಟ್ಟಲಿಲ್ಲ ಅಂತ ಬಂತು. ಪಿಚರ್‌ಗಳಂತೂ ಬ್ಯಾಟರ್‌ಗಳಿಗಿಂತ ಹೆಚ್ಚು ಕೈಕೊಟ್ಟರು. ಮೊಣಕೈ, ಭುಜ ಎಷ್ಟು ದಿನ ತಾಳುತ್ತವೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಪಟ್ಟಿಯ ಮೇಲಕ್ಕೆ ಹೋದಷ್ಟೂ ಗೆಲ್ಲುವ ಸಾಧ್ಯತೆ ಹೆಚ್ಚು, ಅದು ನಿಜ. ಆದರೆ ಅಲ್ಲೂ ಖಾತ್ರಿ ಇಲ್ಲ.

2007ರ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ಆರು ಜನರನ್ನು ಕೊಟ್ಟು ಫ್ಲಾರಿಡಾ ಮಾರ್ಲಿನ್ಸ್‌ನಿಂದ ಮಿಗೆಲ್ ಕಬ್ರೇರಾ ಮತ್ತು ಡಾಂಟ್ರೆಲ್ ವಿಲ್ಲಿಸ್‌ರನ್ನು ತಂದಿತು. ಕೊಟ್ಟವರಲ್ಲಿ ಕ್ಯಾಮರಾನ್ ಮೇಬಿನ್ ಮತ್ತು ಆಂಡ್ರೂ ಮಿಲ್ಲರ್ ಆ ವರ್ಷದ ಪಟ್ಟಿಯಲ್ಲಿ ಮೊದಲ ಹತ್ತರೊಳಗಿನವರು. ಒಂದೇ ಏಟಿಗೆ ಇಬ್ಬರು! ಕಬ್ರೇರಾ 2012ರಲ್ಲಿ ಟ್ರಿಪಲ್ ಕ್ರೌನ್ ಗೆದ್ದ. ಬ್ಯಾಟಿಂಗ್ ಸರಾಸರಿ, ಹೋಮ್ ರನ್, ತಂಡಕ್ಕೆ ತಂದ ರನ್ ಮೂರರಲ್ಲೂ, ಮೇಜರ್ ಲೀಗ್‌ನ ಒಳಗಿನ ಎರಡು ಲೀಗ್‌ಗಳಲ್ಲಿ ತನ್ನ ಲೀಗ್‌ಗೆ ಮೊದಲಿಗ. 1967ರಿಂದ ಯಾರೂ ಮಾಡಿರಲಿಲ್ಲ. ಮಾರ್ಲಿನ್ಸ್‌ಗೆ ಬಂದ ಇಬ್ಬರು ಅಲ್ಲಿ ಉದ್ಧಾರ ಆಗಲಿಲ್ಲ. ಆಂಡ್ರೂ ಮಿಲ್ಲರ್ ಎಷ್ಟೋ ವರ್ಷ ಆದ ಮೇಲೆ, ಬೇರೆ ತಂಡಗಳಲ್ಲಿ, ಪಂದ್ಯದ ಕೊನೆಗೆ ಬರುವ ಪಿಚರ್ ಆಗಿ ಅರಳಿದ. 2016ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಅವನನ್ನು ತರಲು ತನ್ನ ಮಡಿಯ ಕ್ಲಿಂಟ್ ಫ್ರೇಜಿಯರ್, ಜಸ್ಟಸ್ ಶೆಫೀಲ್ಡ್ ಮುಂತಾದ ಹುಡುಗರನ್ನು ಕೊಟ್ಟಿತು. ಒಂದು ಕಾಲದಲ್ಲಿ ಕೊಟ್ಟ ಸಸಿ, ಇನ್ನೊಂದು ಕಾಲಕ್ಕೆ ಸಸಿ ಕೊಟ್ಟು ತರುವ ಮರ.

ಹಾಗಾದರೆ ಊರೆಲ್ಲ ಎತ್ತಿ ಆಡುವ ಆ ಮಹಾ ತಪ್ಪುಗಳು ಎಲ್ಲಿ ಆದವು? ನನಗೆ ಇದರಲ್ಲಿ ಅತ್ಯಂತ ಕುತೂಹಲದ ಭಾಗ ಇದೇ. ಅವು ಬಹುಪಾಲು ಮೊದಲಿಗರ ವಿಷಯದಲ್ಲಿ ಆಗಲಿಲ್ಲ.

1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಡಾಯ್ಲ್ ಅಲೆಕ್ಸಾಂಡರ್ ಎಂಬ ಅನುಭವಿ ಪಿಚರ್‌ನನ್ನು ತರಲು ಅಟ್ಲಾಂಟಾಕ್ಕೆ 20 ವರ್ಷದ ಒಬ್ಬ ಹುಡುಗನನ್ನು ಕೊಟ್ಟಿತು. ಅಲೆಕ್ಸಾಂಡರ್ ಬಂದು 9 ಗೆದ್ದ, ಒಂದೂ ಸೋಲಲಿಲ್ಲ. ತಂಡ ತನ್ನ ವಿಭಾಗ ಗೆದ್ದಿತು. ಕೊಟ್ಟ ಹುಡುಗ ಡ್ರಾಫ್ಟ್‌ನ 22ನೇ ಸುತ್ತಿನಲ್ಲಿ ಬಂದವನು, ಆ ವರ್ಷ ಡಬಲ್-ಎಯಲ್ಲಿ 4 ಗೆದ್ದು 10 ಸೋತಿದ್ದ. ಹೆಸರು ಜಾನ್ ಸ್ಮೋಲ್ಟ್ಜ್. 2015ರಲ್ಲಿ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ, ಸೇರಿದ. 1990ರಲ್ಲಿ ರೆಡ್ ಸಾಕ್ಸ್ ಲ್ಯಾರಿ ಆಂಡರ್ಸನ್ ಎಂಬ ಪಿಚರ್‌ಗಾಗಿ ಜೆಫ್ ಬ್ಯಾಗ್‌ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಆಂಡರ್ಸನ್ ಬಾಸ್ಟನ್‌ಗಾಗಿ ಎಸೆದದ್ದು 22 ಇನ್ನಿಂಗ್ಸ್. ಬ್ಯಾಗ್‌ವೆಲ್ ಹ್ಯೂಸ್ಟನ್‌ಗಾಗಿ ಹೊಡೆದದ್ದು 449 ಹೋಮ್ ರನ್. ಅವನೂ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ.

ಹಳೇ ಕಾಲದ ಕಥೆ ಅಂತೀರಾ? 2016ರ ಜೂನ್‌ನಲ್ಲಿ ವೈಟ್ ಸಾಕ್ಸ್ ಅದೇ ಜೇಮ್ಸ್ ಶೀಲ್ಡ್ಸ್‌ನನ್ನು ಪ್ಯಾಡ್ರೆಸ್‌ನಿಂದ ತಂದಿತು. ಹೌದು, ಮೈಯರ್ಸ್‌ನನ್ನು ಕೊಟ್ಟು ರಾಯಲ್ಸ್ ತಂದಿದ್ದವನೇ. ಈ ಸಲ ಅವನು ಕೈಕೊಟ್ಟ. ಬದಲಿಗೆ ಹೋದವರಲ್ಲಿ ಒಬ್ಬ 17 ವರ್ಷದವನು, ಇನ್ನೂ ಒಂದೂ ವೃತ್ತಿಪರ ಪಂದ್ಯ ಆಡಿರಲಿಲ್ಲ: ಫರ್ನಾಂಡೊ ಟಾಟಿಸ್ ಜೂನಿಯರ್. 2021ರಲ್ಲಿ ಪ್ಯಾಡ್ರೆಸ್ ಅವನಿಗೆ 14 ವರ್ಷಕ್ಕೆ 34 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಅದೇ 2016ರ ಆಗಸ್ಟ್ 1ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್ ಜಾಶ್ ಫೀಲ್ಡ್ಸ್ ಎಂಬ ಪಿಚರ್‌ಗಾಗಿ, ತಿಂಗಳ ಹಿಂದಷ್ಟೇ ಸಹಿ ಹಾಕಿಸಿದ್ದ ಯೊರ್ಡಾನ್ ಅಲ್ವಾರೆಜ್‌ನನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತು. 2019ರಲ್ಲಿ ತನ್ನ ಲೀಗ್‌ನ ಅತ್ಯುತ್ತಮ ಹೊಸಬ ಅವನೇ. 2022ರಲ್ಲಿ ಹ್ಯೂಸ್ಟನ್‌ಗೆ ವರ್ಲ್ಡ್ ಸೀರೀಸ್ ತಂದುಕೊಟ್ಟ ಹೋಮ್ ರನ್ ಅವನದ್ದೇ.

ಗಮನಿಸಿ. ಇವರಲ್ಲಿ ಒಬ್ಬನೂ ಕೊಡುವ ಹೊತ್ತಿಗೆ ತನ್ನ ತಂಡದ ಮೊದಲಿಗನಾಗಿರಲಿಲ್ಲ. ಟಾಟಿಸ್, ಅಲ್ವಾರೆಜ್ ಇಬ್ಬರೂ ದೇಶದ 100ರ ಪಟ್ಟಿಗೂ ಬಂದಿರಲಿಲ್ಲ. ನೀರಲ್ಲಿ ಮುಳುಗಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ ಅನ್ನುತ್ತೇವಲ್ಲ, ಅದು ಇದಕ್ಕೇ. ಮೊದಲಿಗನ ಬೆನ್ನು, ಕೊಂಬು ನೀರಿನ ಮೇಲೆ ಕಾಣುತ್ತಿರುತ್ತದೆ. ಎಲ್ಲರೂ ನೋಡಿದ್ದಾರೆ, ಬೆಲೆ ಏರಿದೆ, ಕೊಡುವವನು ಅಷ್ಟೇ ದೊಡ್ಡದನ್ನು ಬದಲಿಗೆ ಕೇಳುತ್ತಾನೆ. ಹಾಗಾಗಿ ಮೊದಲಿಗನನ್ನು ಕೊಟ್ಟವರು ಬರಿಗೈಯಲ್ಲಿ ವಾಪಸ್ ಬಂದದ್ದು ಕಡಿಮೆ. ಸ್ವಾನ್ಸನ್ ವ್ಯಾಪಾರದಂಥವು ಇವೆ, ಆದರೆ ಅವು ಅಪರೂಪ. ಪೂರ್ತಿ ಮುಳುಗಿರುವ 17ರ ಹುಡುಗನನ್ನು ಚಿಲ್ಲರೆಯ ಹಾಗೆ ಎಣಿಸಿ ಕೊಡುವಾಗಲೇ ಮನೆ ಹಾಳಾಗುವುದು.

ಮತ್ತು ತಂಡಗಳು ನಿಜವಾಗಿ ಓಡಾಡಿಸುವುದು ಈ ಚಿಲ್ಲರೆಯನ್ನೇ. ತಂಡದ ಪಟ್ಟಿಯಲ್ಲಿ 4ನೆಯವನು, 9ನೆಯವನು, 17ನೆಯವನು, ಇವರೇ ವ್ಯಾಪಾರದ ನೋಟುಗಳು. ಅವರನ್ನು ಕೊಡಲು ಒತ್ತಡವೂ ಇರುತ್ತದೆ. ಪ್ರತಿ ತಂಡಕ್ಕೆ 40 ಜನರ ಒಂದು ರಕ್ಷಿತ ಪಟ್ಟಿ ಇದೆ. 18 ಅಥವಾ ಅದಕ್ಕೂ ಮೊದಲೇ ಸಹಿ ಹಾಕಿದವನನ್ನು ಸುಮಾರು ಐದು ಸೀಸನ್, ಆಮೇಲೆ ಹಾಕಿದವನನ್ನು ನಾಲ್ಕು ಸೀಸನ್ ಆದ ಮೇಲೆ ಆ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ರೂಲ್ 5 ಡ್ರಾಫ್ಟ್ ಎಂಬ ವ್ಯವಸ್ಥೆಯಲ್ಲಿ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಮಡಿ ತುಂಬಿ ಸಸಿ ಇದ್ದರೆ ಎಲ್ಲವನ್ನೂ ನೆಡಲು ಗದ್ದೆ ಸಾಲುವುದಿಲ್ಲ. ಕೊಳೆಯಲು ಬಿಡುವ ಬದಲು ಪಕ್ಕದವನಿಗೆ ಕೊಟ್ಟು ಏನಾದರೂ ಪಡೆಯೋಣ ಅನಿಸುವುದು ಸಹಜ, ಅಲ್ವಾ?

ಕೊಳ್ಳುವವನ ಕಡೆಯಿಂದಲೂ ಒಂದು ಅನುಮಾನ ಇದ್ದೇ ಇರುತ್ತದೆ. ಹುಡುಗನನ್ನು ದಿನಾ ನೋಡುವವರು ಕೊಡುವವರು. ಅವನ ಮೊಣಕೈ ನೋವು, ರಾತ್ರಿ ನಿದ್ದೆ, ಸೋತಾಗ ಹೇಗಿರುತ್ತಾನೆ ಎಲ್ಲ ಅವರಿಗೆ ಗೊತ್ತು. ಇಷ್ಟು ಒಳ್ಳೆಯವನಾದರೆ ಯಾಕೆ ಕೊಡುತ್ತಿದ್ದಾರೆ? ದನದ ಜಾತ್ರೆಯಲ್ಲಿ ಹಲ್ಲು ಎಣಿಸುವವನ ಮನಸ್ಸಲ್ಲೂ ಇದೇ ಪ್ರಶ್ನೆ.

ಇಷ್ಟೆಲ್ಲ ಹಿಂಜರಿಕೆಯ ನಡುವೆ ಒಬ್ಬ ಮನುಷ್ಯನಿಗೆ ಮಾತ್ರ ಹಿಂಜರಿಕೆ ಅನ್ನೋದೇ ಇಲ್ಲ. 2014ರ ಆಗಸ್ಟ್‌ನಿಂದ ಪ್ಯಾಡ್ರೆಸ್ ತಂಡ ನಡೆಸುತ್ತಿರುವ ಎ.ಜೆ. ಪ್ರೆಲ್ಲರ್. ಟರ್ನರ್‌ನನ್ನು ಕೊಟ್ಟದ್ದು ಇವರೇ, ಟಾಟಿಸ್‌ನನ್ನು ತಂದದ್ದು ಇವರೇ, ಡೆ ವ್ರೀಸ್‌ನನ್ನು ಕೊಟ್ಟದ್ದೂ ಇವರೇ. 2022ರ ಆಗಸ್ಟ್ 2ರಂದು ವಾಷಿಂಗ್ಟನ್‌ನಿಂದ ಸೋಟೊನನ್ನು ತರಲು ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ರಾಬರ್ಟ್ ಹ್ಯಾಸಲ್, ಜೇಮ್ಸ್ ವುಡ್, ಹಾರ್ಲಿನ್ ಸುಸಾನಾ ಎಲ್ಲರನ್ನೂ ಒಂದೇ ಸಲಕ್ಕೆ ಕೊಟ್ಟರು. ಮಡಿಗೆ ಮಡಿಯೇ ಕಿತ್ತುಕೊಟ್ಟ ಹಾಗೆ. ಏಬ್ರಮ್ಸ್, ಗೋರ್, ವುಡ್ ಮೂವರೂ ಮುಂದೆ ವಾಷಿಂಗ್ಟನ್ ಪರ ಆಲ್-ಸ್ಟಾರ್ ಆದರು. ಸೋಟೊ ಸ್ಯಾನ್ ಡಿಯಾಗೊದಲ್ಲಿ ಇದ್ದದ್ದು ಒಂದೂವರೆ ಸೀಸನ್ ಕೂಡ ಇಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2023ರ ಡಿಸೆಂಬರ್‌ನಲ್ಲಿ ಪ್ರೆಲ್ಲರ್ ಸೋಟೊನನ್ನು ಯಾಂಕೀಸ್‌ಗೆ ಕೊಟ್ಟು ಐದು ಜನರನ್ನು ಪಡೆದರು. ಅವರಲ್ಲಿ ಡ್ರೂ ಥಾರ್ಪ್ ಎಂಬ ಪಿಚರ್, ಪ್ರಾಸ್ಪೆಕ್ಟ್, ಒಬ್ಬ. ಮೂರು ತಿಂಗಳಲ್ಲಿ, 2024ರ ಮಾರ್ಚ್‌ನಲ್ಲಿ, ಥಾರ್ಪ್ ಮತ್ತು ಇನ್ನು ಮೂವರನ್ನು ವೈಟ್ ಸಾಕ್ಸ್‌ಗೆ ಕೊಟ್ಟು ಡಿಲನ್ ಸೀಸ್ ಎಂಬ ಪಿಚರ್‌ನನ್ನು ತಂದರು. ಈ ಸೀಸ್ ಕೂಡ ಒಂದು ಕಾಲದ ಸಸಿಯೇ. 2017ರಲ್ಲಿ ಕಬ್ಸ್ ಅವನನ್ನೂ ಎಲೋಯ್ ಹಿಮೆನೆಜ್‌ನನ್ನೂ ಕೊಟ್ಟು ವೈಟ್ ಸಾಕ್ಸ್‌ನಿಂದ ಹೋಸೆ ಕಿಂಟಾನಾನನ್ನು ತಂದಿತ್ತು.

2024ರ ಜುಲೈ 25ರಂದು ಪ್ಯಾಡ್ರೆಸ್ ವಾಷಿಂಗ್ಟನ್‌ಗೆ ಆಡಲು ಹೋಯಿತು. ಸೀಸ್ 114 ಚೆಂಡು ಎಸೆದ. ಎದುರಾಳಿಗೆ ಒಂದೇ ಒಂದು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಸೇರುವ ಹೊಡೆತ, ಕೊಡಲಿಲ್ಲ. ಇದಕ್ಕೆ ನೋ-ಹಿಟರ್ ಅನ್ನುತ್ತಾರೆ. ಪ್ಯಾಡ್ರೆಸ್ ಚರಿತ್ರೆಯಲ್ಲಿ ಅದು ಎರಡನೆಯದು. ಒಂಬತ್ತನೇ ಇನ್ನಿಂಗ್ಸ್‌ನ ಕೊನೆಯ ಚೆಂಡು ಬಲಗಡೆ ಫೀಲ್ಡರ್ ಕೈ ಸೇರಿತು. ಅದನ್ನು ಹೊಡೆದು ಔಟಾದವನು ಸಿ.ಜೆ. ಏಬ್ರಮ್ಸ್.